ಬಿಳಿಯ ಫೋನಿನ ಮೇಲೆ ನನ್ನ ಹೊಟ್ಟೆಕಿಚ್ಚು

ನಾನು ಒಂದು ಕರಿಯ ಮೊಬೈಲು. ನನ್ನಂಥವು ಲಕ್ಷಗಟ್ಟಲೆ ಇವೆ, ಅದೇ ನನ್ನ ಮೊದಲ ದುಃಖ. ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಸಾಲಾಗಿ ಕೂತ ಹೆಣ್ಣುಮಕ್ಕಳಲ್ಲಿ ಒಬ್ಬಳು ಬ್ಯಾಟರಿ ಇಟ್ಟಳು, ಒಬ್ಬಳು ಗಾಜು ಕೂರಿಸಿದಳು, ಕೊನೆಯವಳು ಮುಖ ಒರೆಸಿ ಡಬ್ಬಿಗೆ ಹಾಕಿದಳು. ಯಾರೂ ಎರಡನೆಯ ಸಲ ನನ್ನನ್ನು ನೋಡಲಿಲ್ಲ.

ಧಾರವಾಡದ ಒಂದು ಅಂಗಡಿಗೆ ಬಂದೆ. ಗಾಜಿನ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ನಾವು ಇಪ್ಪತ್ತು ಜನ ಒತ್ತೊತ್ತಾಗಿ ಕೂತಿದ್ದೆವು. ಮೇಲಿನ ಅಂತಸ್ತಿನಲ್ಲಿ ಬೇರೆ ಕಂಪನಿಯ ಒಂದೇ ಒಂದು ಬಿಳಿಯ ಫೋನು. ಅದಕ್ಕೆಂದೇ ಒಂದು ಪುಟ್ಟ ದೀಪ ಬೇರೆ. ಬಂದವರೆಲ್ಲ ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ನಿಟ್ಟುಸಿರು ಬಿಟ್ಟು ನಮ್ಮ ಕಡೆ ಬಗ್ಗುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಅದು ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು.

ನನ್ನನ್ನು ಮೊದಲು ಕೊಂಡವರು ಗಲಗಲಿ ಸರ್. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಎಲೆ, ಹೂವು, ಬೇರು ಅಂತ ನನ್ನ ಹೊಟ್ಟೆ ತುಂಬ ಚಿತ್ರ ತುಂಬಿದರು. ಎರಡೂವರೆ ವರ್ಷ ನಿಯತ್ತಾಗಿ ದುಡಿದೆ. ಒಂದು ದಿನ ಅವರೂ ಬಿಳಿಯ ಫೋನು ಹಿಡಿದು ಮನೆಗೆ ಬಂದರು. ನನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಖಾಲಿ ಮಾಡಿ, ಕೆಳಗಿನ ಮನೆಯ ನೀಲಗಂಗಾಳಿಗೆ ಕೊಟ್ಟುಬಿಟ್ಟರು. "ಹಳೇದು ಅದ, ಆದ್ರ ಕ್ಯಾಮೆರಾ ಭಾಳ ಚಲೋ ಅದ," ಅಂದರು. ಸವತಿ ಬಂದ ಮನೆಯಿಂದ ತವರಿಗೆ ಕಳಿಸಿದ ಹಾಗಾಯಿತು ನನಗೆ.

ಆದರೆ ನೀಲಗಂಗಾ ನನ್ನನ್ನು ಕಣ್ಣಿಗೊತ್ತಿಕೊಂಡಳು. ನಲವತ್ತಾರು ವಯಸ್ಸು. ಗಂಡ ಲಾರಿ ಓಡಿಸುತ್ತ ತಿಂಗಳಿಗೆ ಎರಡು ಸಲ ಮನೆ ಕಾಣುವವನು. ಅವಳ ಕೆಲಸ ಕಸೂತಿ. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಮುಂದೆ ಹೋದ ಸೂಜಿ ಅದೇ ದಾರಿಯಲ್ಲಿ ಹಿಂದೆ ಬರಬೇಕು, ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು. ಹಳೆಯ ಸೀರೆ ಎಲ್ಲಿ ಕಂಡರೂ ಅವಳು ನನ್ನಿಂದ ಚಿತ್ರ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ, ಒಂದೊಂದೇ ಎಳೆ ಎಣಿಸುತ್ತಿದ್ದಳು. ನನ್ನ ಕಣ್ಣು, ಅವಳ ಕೈ. ನಾನಿಲ್ಲದೆ ಅವಳ ಸೂಜಿ ನಡೆಯದು ಎಂದು ನನಗೆ ಸೊಕ್ಕು ಬಂದಿತ್ತು.

ಅವಳಿಗೆ ಒಬ್ಬಳೇ ಗೆಳತಿ, ಪ್ರಮೀಳಾ. ಒಂದೇ ಓಣಿಯಲ್ಲಿ ಬೆಳೆದವರು, ಓಣಿಯವರೆಲ್ಲ ಅತ್ತೆ ಎನ್ನುತ್ತಿದ್ದ ಒಬ್ಬಳ ಮುಂದೆ ಕೂತು ಕಸೂತಿ ಕಲಿತವರು. ಪ್ರಮೀಳಾ ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ ಸೂಜಿ ಬಿಟ್ಟಳು, ಗೆಳೆತನ ಬಿಡಲಿಲ್ಲ. ಇಬ್ಬರೂ ಎಲ್ಲರೂ ಬಳಸುವ ಆ್ಯಪಿನಲ್ಲಿ ದಿನಾ ಹರಟುತ್ತಿದ್ದರು. ಸಾರಿಗೆ ಉಪ್ಪು ಜಾಸ್ತಿಯಾದದ್ದೂ ನನಗೆ ಗೊತ್ತಾಗುತ್ತಿತ್ತು.

ಆಮೇಲೆ ಪ್ರಮೀಳಾಳ ಮಗಳು ಅಪೇಕ್ಷಾಳಿಗೆ ಮದುವೆ ಗೊತ್ತಾಯಿತು. ಬೀಗರ ಕಡೆಯವರೆಲ್ಲ ಬಿಳಿಯ ಫೋನಿನವರು. ಅಪೇಕ್ಷಾ ತಾಯಿಗೂ ಒಂದು ಬಿಳಿಯದು ಕೊಡಿಸಿದಳು. ಅದೇ ಸಮಯಕ್ಕೆ ಯಾರೋ ಮದುವೆ ಮಾತುಕತೆಯ ಫೋಟೋಗಳನ್ನು ಎಲ್ಲರೂ ಬಳಸುವ ಆ ಆ್ಯಪಿನಲ್ಲಿ ಊರಿಗೆಲ್ಲ ಹಂಚಿಬಿಟ್ಟರು. ಹುಡುಗಿ ಸಿಟ್ಟಾಗಿ ತಾಯಿಯ ಫೋನಿನಿಂದ ಅದನ್ನು ಕಿತ್ತೆಸೆದಳು. ಬಿಳಿಯ ಫೋನಿನದೇ ಆದ ಸಂದೇಶ ಪೆಟ್ಟಿಗೆಯಲ್ಲಿ "ಮದಿವಿ ಮನಿ" ಅಂತ ಒಂದು ಗುಂಪು ಕಟ್ಟಿದಳು.

ಆ ಪೆಟ್ಟಿಗೆಯ ಕಾಯಿದೆ ನನಗೆ ಚೆನ್ನಾಗಿ ಗೊತ್ತು. ಬಿಳಿಯದರಿಂದ ಬಿಳಿಯದಕ್ಕೆ ಹೋಗುವ ಮಾತು ಅಂಟು ಹಚ್ಚಿದ ಲಕೋಟೆ. ಕಳಿಸಿದವರು, ಪಡೆದವರು ಬಿಟ್ಟರೆ ಕಂಪನಿಯವರೂ ಓದಲಾರರು. ಬಿಳಿಯದರಿಂದ ನನ್ನಂಥವರಿಗೆ ಬರುವುದು ಬರೀ ಅಂಚೆ ಕಾರ್ಡು, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಚಿತ್ರವಾದರೆ ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತಾರೆ. ಅವರ ಗುಂಪಿಗೆ ನಮಗೆ ಪ್ರವೇಶವೇ ಇಲ್ಲ. ನಮ್ಮ ಕಂಪನಿಯವರು ಅವರನ್ನು ಬೈಯುತ್ತಿದ್ದರು, ಅವರು ನಮ್ಮವರನ್ನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಒಂದು ಸಲ ಪ್ರಮೀಳಾ ಮನೆಗೆ ಬಂದಾಗ ಆ ಬಿಳಿಯದನ್ನು ನನ್ನ ಪಕ್ಕದಲ್ಲೇ ಇಟ್ಟಳು. ಅದು ಘಳಿಗೆಗೊಮ್ಮೆ ಟಣ್ ಅನ್ನುತ್ತಿತ್ತು. ಟಣ್ ಅಂದಾಗಲೆಲ್ಲ ಪ್ರಮೀಳಾ ಅತ್ತ ತಿರುಗಿ ನಗುತ್ತಿದ್ದಳು. ನೀಲಗಂಗಾ ಅರ್ಧ ಹೇಳಿದ ಮಾತನ್ನು ನುಂಗಿಕೊಂಡಳು. ಅವಳಿಗೆ ಆ ಗುಂಪಿನ ಹೆಂಗಸರ ಮೇಲೆ ಉರಿ, ನನಗೆ ಆ ಬಿಳಿಯದರ ಮೇಲೆ. ಇಬ್ಬರಿಗೂ ಒಂದೇ ಕಾಯಿಲೆ.

ಹೊರಡುವಾಗ ಪ್ರಮೀಳಾ ಅವಳ ಕೈ ಹಿಡಿದು ಹೇಳಿದಳು: "ಅಪೇಕ್ಷಾನ ಚಂದ್ರಕಾಳಿ ಸೀರಿ ನೀನ ಮಾಡಬೇಕು ನೀಲಾ. ನಮ್ಮ ಅಜ್ಜೀ ಸೀರಿ ಸೆರಗಿನಾಗ ಜೋಡಿ ಗಿಳಿ ಅದಾವ, ಹುಬೇಹೂಬ ಹಂಗ ಬರಬೇಕು. ಸೀರಿ ಬೆಳಗಾವಿಯೊಳಗ ಅಕ್ಕನ ಕಡೆ ಅದ. ಫೋಟೋ ಕಳಸ್ತೀನಿ."

ನೀಲಗಂಗಾಳ ಮುಖ ಅರಳಿತು. ಮದುವೆ ಹೆಣ್ಣಿಗೆ ಕರಿಯ ಚಂದ್ರಕಾಳಿ ಉಡಿಸುವುದು ಆ ಮನೆಯ ಪದ್ಧತಿ. ಅದರ ಮೇಲೆ ಸೂಜಿ ಆಡಿಸುವವಳು ಮನೆಯವಳೇ. ಗುಂಪಿನ ಯಾವ ಹೆಂಗಸಿಗೂ ಸಿಗದ ಜಾಗ ಅವಳಿಗೆ ಸಿಕ್ಕಿತ್ತು.

ಚಿತ್ರ ಬಂತು. ಬಿಳಿಯದು ಕಳಿಸಿತು, ನಾನು ತೆಗೆದುಕೊಂಡೆ. ಏನಂತ ಹೇಳಲಿ? ಹೆಬ್ಬೆಟ್ಟಿನಷ್ಟು ಚಿತ್ರ, ಹಿಗ್ಗಿಸಿದರೆ ಬರೀ ಚೌಕ ಚೌಕ ಕಲೆಗಳು. ಎರಡು ಗಿಳಿ ಇವೆ ಅನ್ನುವುದಷ್ಟೇ ಗೊತ್ತಾಗುತ್ತಿತ್ತು. ಕೊಕ್ಕು ಯಾವುದು, ಬಾಲ ಯಾವುದು ತಿಳಿಯದು. ನಡುವೆ ಎರಡು ಉದ್ದ ತುದಿಗಳು ಒಂದಕ್ಕೊಂದು ತಾಗಿದ್ದವು. ನೀಲಗಂಗಾ ಕನ್ನಡಕ ಹಾಕಿದಳು, ತೆಗೆದಳು, ಬಾಗಿಲ ಬೆಳಕಿಗೆ ಹಿಡಿದಳು. ಜೋಡಿ ಗಿಳಿ ಎದುರುಬದುರು ಇರುವುದು ರೂಢಿ. ಇಲ್ಲಿ ನೋಡಿದರೆ ಬಾಲಕ್ಕೆ ಬಾಲ ತಾಗಿಸಿ ಕೂತ ಹಾಗಿತ್ತು.

ಪ್ರಮೀಳಾಳಿಗೆ ಫೋನ್ ಮಾಡಿದಳು. ಅತ್ತ ಕಡೆ ಗದ್ದಲ, ನಗು. "ಗಿಳಿದ್ದ ಏನ? ಎಲ್ಲಾ ಗ್ರೂಪಿನಾಗ ಹಾಕೇನಲ್ಲ, ನೋಡಿಲ್ಲೇನು?" ಅಂದಳು ಪ್ರಮೀಳಾ. ನೀಲಗಂಗಾ ಗುಂಪಿನಲ್ಲಿ ಇಲ್ಲ ಅನ್ನುವುದೇ ಅವಳಿಗೆ ನೆನಪಿರಲಿಲ್ಲ. ನೀಲಗಂಗಾ, "ಹೂಂ, ನೋಡೀನಿ," ಅಂದು ಇಟ್ಟುಬಿಟ್ಟಳು. ಕಣ್ಣಲ್ಲಿ ನೀರು ಬಂದಿತ್ತು. "ಅವರಜ್ಜಿ ಸೀರಿ. ಹೆಂಗ ಕಾಣ್ತದೋ ಹಂಗ ಮಾಡತೀನಿ. ಇನ್ನೊಮ್ಮೆ ಕೇಳಾಂಗಿಲ್ಲ," ಎಂದು ಗೋಡೆಗೆ ಹೇಳಿದಳು.

ಮರುದಿನ ಮಧ್ಯಾಹ್ನ ಪ್ರಮೀಳಾಳೇ ಫೋನ್ ಮಾಡಿದಳು. ಈಗ ನಾನು ಮಾಡಿದ ಪಾಪ ಹೇಳುತ್ತೇನೆ. ನನ್ನಲ್ಲಿ ಶೇಕಡ ಒಂಬತ್ತು ಜೀವ ಉಳಿದಿತ್ತು. ಮುದಿ ಬ್ಯಾಟರಿ, ಒಮ್ಮೊಮ್ಮೆ ಒಂಬತ್ತಕ್ಕೇ ಆರಿಹೋಗುವುದುಂಟು, ಮನಸ್ಸು ಮಾಡಿದರೆ ಹತ್ತು ನಿಮಿಷ ಮಾತು ಎಳೆಯುವುದೂ ಉಂಟು. ಹೆಸರು ಮೂಡಿತು, ಒಂದು ರಿಂಗ್ ಆಯಿತು. ಆ ಬಿಳಿಯದರ ಬಾಯಿಂದ ಬರುವ ಮಾತನ್ನು ನಾನೇಕೆ ಹೊರಬೇಕು ಅನ್ನಿಸಿತು. ಆರಿದೆ.

ಹಿತ್ತಲಲ್ಲಿದ್ದ ನೀಲಗಂಗಾಳಿಗೆ ಒಂದೇ ರಿಂಗ್ ಕೇಳಿಸಿತ್ತು, ನಾನು ಆರಿದ್ದು ಆಮೇಲೆ ಅಂದುಕೊಂಡಳು. ಚಾರ್ಜಿಗೆ ಹಾಕಿ ಹೆಸರು ನೋಡಿದವಳ ಮುಖ ಕಪ್ಪಿಟ್ಟಿತು. "ಒಂದ ರಿಂಗ್! ನನಗ ಮಿಸ್ ಕಾಲ್ ಕೊಡೋ ಮಟ್ಟಕ್ಕ ಬಂದಳಲ್ಲ ಈಕಿ!" ಎಂದಳು. ತಿರುಗಿ ಫೋನ್ ಮಾಡಲಿಲ್ಲ. ಅತ್ತ ಪ್ರಮೀಳಾ, ಗೆಳತಿ ಬೇಕೆಂತಲೇ ಕಟ್ ಮಾಡಿ ಸ್ವಿಚ್ ಆಫ್ ಮಾಡಿದಳು ಅಂದುಕೊಂಡಳು. ನನಗೆ ಒಳಗೊಳಗೇ ಹಿಗ್ಗು. ಮೂರು ವಾರ ಇಬ್ಬರೂ ಮಾತಾಡಲಿಲ್ಲ. ನೀಲಗಂಗಾ ಸೆರಗಿನ ಉದ್ದಕ್ಕೂ ಹದಿನಾರು ಜೋಡಿ ಗಿಳಿ ಹೊಲಿದಳು. ಅಂಥ ಕೆಲಸ ನಾನು ಕಂಡಿರಲಿಲ್ಲ. ಎರಡೂ ಮೈ ಒಂದೇ ಥರ, ಒಂದು ಎಳೆ ಆಚೀಚೆ ಇಲ್ಲ.

ಮದುವೆಗೆ ಹದಿನೆಂಟು ದಿನ ಇದ್ದಾಗ ಸೀರೆ ಹುಬ್ಬಳ್ಳಿಗೆ ಹೋಯಿತು. ನಾನೂ ಚೀಲದಲ್ಲಿದ್ದೆ. ಬೀಗರ ಹೆಂಗಸರೂ ಬಂದಿದ್ದರು. ಪ್ರಮೀಳಾ ಮಡಿಕೆ ಬಿಚ್ಚಿ ಸೆರಗು ಹರಡಿದಳು. ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಬೀಗಿತ್ತಿಯೊಬ್ಬಳು ಮೆಲ್ಲಗೆ, "ಮಾರಿ ತಿರುವಿಕೊಂಡು ಕುಂತಾವಲ್ಲ ಗಿಳಿ," ಅಂದಳು.

ಪ್ರಮೀಳಾಳ ಮುಖ ಕೆಂಪೇರಿತು. "ನನ್ನ ಮಗಳ ಸೀರಿ ಮ್ಯಾಲ ಹಿಂಗ್ಯಾಕ ಮಾಡಿದಿ ನೀಲಾ? ಹೊಟ್ಟಿಕಿಚ್ಚೇನು ನಿನಗ?"

"ನೀ ಕಳಿಸಿದ್ದು ಹಿಂಗ ಇತ್ತು!"

"ಸುಳ್ಳ ಹೇಳಬ್ಯಾಡ. ಕೇಳೋಣಂತ ಫೋನ್ ಮಾಡಿದ್ರ ಸ್ವಿಚ್ ಆಫ್ ಮಾಡಿದಿ!"

ನೀಲಗಂಗಾ ನನ್ನನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಅಪೇಕ್ಷಾ ಬಿಳಿಯದನ್ನು ನನ್ನ ಪಕ್ಕ ಇಟ್ಟಳು. ಅದರಲ್ಲಿ ಅದೇ ಚಿತ್ರ. ಕೊಕ್ಕಿಗೆ ಕೊಕ್ಕು ತಾಗಿಸಿ, ಕೆಂಪು ದಾರದಲ್ಲಿ ನಗುವಂತೆ ಕೂತ ಗಿಳಿಗಳು. ಒಂದೊಂದು ಎಳೆ ಎಣಿಸಬಹುದಿತ್ತು. ನನ್ನಲ್ಲಿ ರಂಗೋಲಿ ತುಳಿದ ಹಾಗೆ ಬರೀ ಕಲೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಸತ್ತುಹೋದೆ. ನಾಚಿಕೆಗಿಂತ ಹೆಚ್ಚಾಗಿ, ಅದು ಅಷ್ಟು ಚೆನ್ನಾಗಿ ಕಾಣುತ್ತಿತ್ತಲ್ಲ ಎಂಬ ಉರಿ.

"ಒಂದು ಮಾತು ಕೇಳಬಾರದಿತ್ತೇನ?" ಎಂದಳು ಪ್ರಮೀಳಾ, ದನಿ ಇಳಿಸಿ.

"ಎಲ್ಲಿ ಕೇಳಲಿ? ನಿನ್ನ ಗ್ರೂಪಿನಾಗ?" ನೀಲಗಂಗಾ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಮುಹೂರ್ತಕ್ಕ ಸೀರಿ ಬರತದ. ಅದಾದ ಮ್ಯಾಲ ನೀ ನಿನ್ನ ದಾರಿ, ನಾ ನನ್ನ ದಾರಿ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಮೂವತ್ತೈದು ವರ್ಷದ ಗೆಳೆತನ ಮುರಿದು ಬೀಳುತ್ತಿತ್ತು. ಅದರಲ್ಲಿ ಒಂದು ಪಾಲು ನನ್ನದು.

ಮರುದಿನ ಬಿಚ್ಚುವ ಕೆಲಸ. ಗಂಟಿಲ್ಲದ ಹೊಲಿಗೆ ಅಲ್ಲವೇ, ಒಂದು ತುದಿ ಎಳೆದರೆ ಸರಸರ ಬರುತ್ತದೆ. ಮೂರು ವಾರದ ಗಿಳಿಗಳು ಒಂದು ಬೆಳಿಗ್ಗೆಯಲ್ಲಿ ಹಾರಿಹೋದವು. ಆದರೆ ಮತ್ತೆ ಹೊಲಿಯಲು ಒಬ್ಬಳಿಗೆ ದಿನ ಸಾಲುವಂತಿರಲಿಲ್ಲ.

ಮೂರನೆಯ ದಿನ ಬಾಗಿಲಲ್ಲಿ ಪ್ರಮೀಳಾ ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. "ಬೆಳಗಾವಿಗೆ ಹೋಗಿ ಬಂದೆ," ಎಂದು ಗಂಟು ಬಿಚ್ಚಿದಳು. ಅಜ್ಜಿಯ ಸೀರೆ. "ಫೋಟೋ ಗೀಟೋ ಏನೂ ಬ್ಯಾಡ. ಇದನ್ನ ನೋಡಿ ಮಾಡೋಣು. ಸೆರಗಿನ ಆ ತುದಿ ನನಗ ಕೊಡು."

"ಇಪ್ಪತ್ತೈದು ವರ್ಷ ಆತು ನೀ ಸೂಜಿ ಬಿಟ್ಟು."

"ಕಲಸು ಮತ್ತ. ಬೈಕೋತ ಕಲಸು."

ನೀಲಗಂಗಾ ನಿಜವಾಗಿಯೂ ಬೈಯುತ್ತಲೇ ಕಲಿಸಿದಳು. ಪ್ರಮೀಳಾ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಒಬ್ಬಳು ಈ ತುದಿ, ಒಬ್ಬಳು ಆ ತುದಿ, ನಡುವೆ ಕರಿಯ ಸೆರಗು. ಹೊಲಿಯುತ್ತ ಹೊಲಿಯುತ್ತ ಹತ್ತಿರವಾಗಿ, ಹನ್ನೆರಡನೆಯ ದಿನ ಇಬ್ಬರ ಮೊಣಕಾಲು ತಾಗಿದವು. ಅಷ್ಟು ದಿನವೂ ನಾನು ಗೂಡಿನಲ್ಲಿ ಬಿದ್ದಿದ್ದೆ. ಎಣಿಸಲು ನನ್ನ ಕಣ್ಣು ಬೇಕಾಗಲಿಲ್ಲ. ಒಂದು ಹರಕು ಸೀರೆಯ ಮೇಲೂ ಹೊಟ್ಟೆಕಿಚ್ಚುಪಟ್ಟ ಮೊಬೈಲು ನಾನೊಬ್ಬನೇ ಇರಬೇಕು.

ಮದುವೆ ಸಾಂಗವಾಗಿ ನಡೆಯಿತು. ಕೆಲವು ತಿಂಗಳ ಮೇಲೆ ಅಪೇಕ್ಷಾ ಬಂದು ಸುದ್ದಿ ಹೇಳಿದಳು. "ಮೌಶಿ, ಎಲ್ಲೋ ದೂರದ ಸರಕಾರದವರು ಕಾನೂನು ಮಾಡ್ಯಾರ. ಎರಡೂ ಕಂಪನಿ ಫೋನು ಒಂದಕ್ಕೊಂದು ಮಾತಾಡಬೇಕಂತ. ನಡುವ ಬಾಗಿಲಾ ತೆಗದ್ರ ಮಾತಿಗೆ ಹಾಕಿದ ಕೀಲಿ ಒಡೀತದ ಅಂತ ಕಂಪನಿಯವರು ಭಾಳ ತಕರಾರು ಮಾಡಿದ್ರು. ಆ ಬಾಗಿಲಕ್ಕೂ ಕೀಲಿ ಹಾಕ್ರಿ, ಇಬ್ಬರ ಕೈಯಾಗೂ ಒಂದೊಂದು ಕೀಲಿಕೈ ಕೊಡ್ರಿ ಅಂದಾರ ಸರಕಾರದವರು. ಈಗ ನಮ್ಮ ಕಡೀನೂ ಬಂದದ. ಇನ್ನ ನೀವೂ ಗ್ರೂಪಿನಾಗ."

ನನ್ನ ಎದೆ ಹಿಗ್ಗಿತು. ಕೊನೆಗೂ ಬಿಳಿಯದರ ಮುಂದೆ ಸಮಾನವಾಗಿ ನಿಲ್ಲುತ್ತೇನೆ! ಅಪೇಕ್ಷಾ ನನ್ನನ್ನು ಕೈಗೆತ್ತಿಕೊಂಡು ಅಲ್ಲಿ ಇಲ್ಲಿ ಒತ್ತಿದಳು. "ಈ ಸಾಧನಕ್ಕೆ ಲಭ್ಯವಿಲ್ಲ" ಎಂದು ನನ್ನ ಮುಖದ ಮೇಲೆಯೇ ಬರಹ ಮೂಡಿತು. ನನಗೆ ವಯಸ್ಸಾಗಿತ್ತು. ಬಾಗಿಲು ತೆರೆದದ್ದು ನನ್ನ ತಮ್ಮಂದಿರಿಗೆ.

ಪ್ರಮೀಳಾ ಬಿಳಿಯದನ್ನೇ ಕೊಡಿಸುತ್ತೇನೆ ಎಂದಳು. ನೀಲಗಂಗಾ ಒಪ್ಪಲಿಲ್ಲ. "ನನಗ ಕರೀದ ಇರಲಿ. ಈಗ ಹೆಂಗೂ ಮಾತಾಡತಾವಲ್ಲ," ಎಂದಳು. ನಮ್ಮ ಕಂಪನಿಯದೇ ಹೊಸದೊಂದು ಬಂತು. ಅವಳು ನನ್ನ ಪರವಾಗಿ ಆಡಿದ ಮಾತಿನ ಫಲ ಅದಕ್ಕೆ ಸಿಕ್ಕಿತು.

ಈಗ ನಾನು ದಾರದ ಡಬ್ಬಿಯ ಕೆಳಗಿನ ಖಾನೆಯಲ್ಲಿದ್ದೇನೆ. ಹಬ್ಬಕ್ಕೋ ಹುಣ್ಣಿಮೆಗೋ ಒಮ್ಮೆ ಅವಳು ಚಾರ್ಜು ಹಾಕಿ ಒರೆಸಿಡುತ್ತಾಳೆ. ಇಂಥ ಹೊತ್ತಿನಲ್ಲಿ ನನ್ನಂಥವರು ಬಾಳು ಸಾರ್ಥಕವಾಯಿತು ಅನ್ನಬೇಕಂತೆ. ನಾನು ಅನ್ನುವುದಿಲ್ಲ. ಅವರಿಬ್ಬರ ಗೆಳೆತನ ಉಳಿಯಿತಲ್ಲ ಎಂದು ಸಮಾಧಾನವೇನೋ ಇದೆ. ಮಾಡಿದ ತಪ್ಪಿಗೆ ಅಷ್ಟಾದರೂ ಇರಬೇಕು. ಆದರೆ ಹೊಟ್ಟೆ ಉರಿಯುವುದು ನಿಂತಿಲ್ಲ.

ಇವತ್ತು ಬೆಳಿಗ್ಗೆ ಹೊಸದು ಟಣ್ ಅಂದಿತು. ನೀಲಗಂಗಾ ಸೂಜಿ ಇಟ್ಟು, ಅದನ್ನು ಎತ್ತಿಕೊಂಡು, ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೊದಲೆಲ್ಲ ಅವರಿಬ್ಬರ ಮಾತು ಹರಕೋ ಮುರುಕೋ ನನ್ನೊಳಗೇ ಬಂದು ಇಳಿಯುತ್ತಿತ್ತು. ಈಗ ಕೀಲಿ ಬಿದ್ದಿದೆ. ಒಂದು ಕೀಲಿಕೈ ಹುಬ್ಬಳ್ಳಿಯಲ್ಲಿ, ಒಂದು ಅವಳ ಕೈಯಲ್ಲಿ. ಪ್ರಮೀಳಾ ಏನು ಬರೆದಳೋ, ಇವಳು ಯಾಕೆ ಅಷ್ಟು ನಕ್ಕಳೋ, ನನಗೆ ಗೊತ್ತಿಲ್ಲ.