ನಡುದಾರಿಯ ಕಟ್ಟೆ

ಗೋಡೆ ಬೆಚ್ಚಗಿದೆ, ಅಂಗೈಗೆ ಹಿತ, ಇದು ಮುಗಿದರೆ ಮುಂದೆ ಹಿಡಿದುಕೊಳ್ಳಲು ಏನೂ ಇಲ್ಲ, ಫುಟ್‌ಪಾತಿನ ತುಂಬ ಸ್ಕೂಟರುಗಳು, ರಸ್ತೆಗೇ ಇಳಿಯಬೇಕು — ನಡೀಬೇಕಮ್ಮಾ, ಇಲ್ಲಾಂದ್ರೆ ಹಾಸಿಗೆ ಹಿಡೀತೀರಿ ಅಂದಿದ್ದರು ಡಾಕ್ಟರು, ಎಲ್ಲಿ ನಡೀಲಿ ಸ್ವಾಮಿ ಎಂದು ಇವಳು ಕೇಳಲಿಲ್ಲ, ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ಹೊಲಿಗೆ ಮಿಷನ್ನಿನ ಮುಂದೆ ಕೂತು ಊರೆಲ್ಲ ಸುತ್ತುವಷ್ಟು ಪೆಡಲು ತುಳಿದವಳು, ಕೂತಲ್ಲೇ, ಆ ತುಳಿತ ಈಗ ಲೆಕ್ಕಕ್ಕಿಲ್ಲ. ನಡೆದದ್ದೆಂದರೆ ಸಂಜೆ ತಂಗಿಯನ್ನು ನೋಡಲು, ಅದೂ ಅರ್ಧ ದಾರಿ — ಅವಳು ಆ ತುದಿಯಿಂದ, ಇವಳು ಈ ತುದಿಯಿಂದ, ನಡುವೆ ಔಷಧಿ ಅಂಗಡಿಯ ಕಟ್ಟೆ, ತಣ್ಣನೆ ಕಲ್ಲು, ಕೂತು ಹರಟಿ, ಮೊಣಕಾಲಿಗೆ ಜೀವ ಬಂದ ಮೇಲೆ ಅವರವರ ಮನೆ. ಕೂರಲು ಜಾಗವಿದ್ದರೆ ತಾನೇ ನಡೆಯುವ ಧೈರ್ಯ. ಈಗ ಆ ಕಲ್ಲಿನ ತುಂಬ ಕಬ್ಬಿಣದ ಮೊಳೆ, ಮೊನೆ ಮೇಲಕ್ಕೆ. ಏನ್ಮಾಡ್ಲಿ ಅಮ್ಮಾ, ಕೂತು ಉಗೀತಾರೆ ಅಂತ ಓನರು ಹಾಕ್ಸಿದ್ದು ಎಂದ ಅಂಗಡಿಯವನು, ಅವನೂ ಕೆಟ್ಟವನಲ್ಲ, ಒಳಗೆ ತನ್ನ ಸ್ಟೂಲು ಕೊಡಲು ಹೋದರೆ ಅಲ್ಲಿ ಇಬ್ಬರು ನಿಲ್ಲಲೂ ಜಾಗವಿಲ್ಲ. ಆಮೇಲೆ ಎಲ್ಲ ಕುರ್ಚಿಯಲ್ಲೇ, ಟೀವಿ, ಕಿಟಕಿ, ಮತ್ತೆ ಟೀವಿ, ಅತ್ತೆ ಸುಮ್ನೆ ಯಾಕೆ ಕಷ್ಟ, ನಿಮ್ ತಂಗಿಗೆ ವಿಡಿಯೋ ಕಾಲ್ ಹಾಕ್ಕೊಡ್ತೀನಿ ಎಂದಳು ಸೊಸೆ, ಪಾಪ ಒಳ್ಳೇ ಮನಸ್ಸಿನಿಂದಲೇ, ಕಂಡದ್ದು ತಂಗಿಯ ಹಣೆ ಮತ್ತು ತಿರುಗುವ ಫ್ಯಾನು. ಅಕ್ಕಾ, ನನ್ ಕಾಲೂ ಕೊರಡಾಗಿದೆ ಕಣೇ, ನಾಳೆ ಬಂದ್ಬಿಡು, ಕುದುರೆ ನಿಂತೇ ನಿದ್ದೆ ಮಾಡಲ್ವಾ, ನಾವು ನಿಂತೇ ಮಾತಾಡೋಣ ಎಂದಿತು ಹಣೆ, ಇವಳು ನಕ್ಕಳು, ಎಷ್ಟು ದಿನಕ್ಕೋ.

ಗೋಡೆ ಮುಗಿಯಿತು. ಒಂದು ಕಾಲು, ಇನ್ನೊಂದು ಕಾಲು, ಬಸ್ಸಿನ ಹಾರ್ನು ಬೆನ್ನಿಗೇ ಹೊಡೆದಂತೆ, ನಿಲ್ಲಬಾರದು, ನಿಂತರೆ ಮತ್ತೆ ಹೊರಡುವುದು ಕಷ್ಟ, ಸ್ಕೂಟರಿನ ಸೀಟು ಹಿಡಿದಳು, ಕೈ ಸುಟ್ಟಿತು, ಬಿಡಲಿಲ್ಲ — ಅಲ್ಲಿ, ಅಂಗಡಿಯ ಆಚೆಗೆ, ಕರೆಂಟು ಕಂಬ ತಬ್ಬಿ ನಿಂತಿರುವುದು ಅವಳೇ, ಅದೇ ಗೂನು, ಅದೇ ಸೆರಗು, ಬಂದಿದ್ದಾಳೆ, ಕೈ ಎತ್ತಿದಳು, ಬಾ ಎಂದೋ ಬರಬೇಡ ಎಂದೋ, ತಕ್ಷಣ ಇಳಿಸಿ ಮತ್ತೆ ಕಂಬ ಹಿಡಿದಳು. ಅವಳಿಗೂ ಮುಂದಕ್ಕಾಗದು, ಇವಳ ತೊಡೆಯೂ ನಡುಗುತ್ತಿದೆ, ಇನ್ನು ಹಿಂದಕ್ಕೆ ಹೋಗುವ ದಾರಿಯೂ ಇದೆಯಲ್ಲ, ಅದನ್ನು ಈಗ ನೆನೆಯುವುದು ಬೇಡ, ಒಂದೇ ಒಂದು ಗಳಿಗೆ ಕೂತಿದ್ದರೆ — ಇಬ್ಬರ ನಡುವೆ ಕಟ್ಟೆ, ಖಾಲಿ, ಚೊಕ್ಕಟ, ಯಾರೂ ಉಗಿದಿಲ್ಲ, ಯಾರೂ ಕೂತಿಲ್ಲ, ಇವಳ ಕೈಯಲ್ಲಿ ಸೂಜಿಯ ಮೊನೆ ಯಾವತ್ತೂ ಕೆಳಗಿತ್ತು, ಬಟ್ಟೆಗೆ ಬಟ್ಟೆ ಸೇರುತ್ತಿತ್ತು, ಈ ಮೊಳೆಗಳು ಮೇಲಕ್ಕೆ, ಸಾಲಾಗಿ, ಬಿಸಿಲಲ್ಲಿ ಹೊಳೆಯುತ್ತ, ಮೇಲಕ್ಕೆ —