ಅಕ್ಕನ ವ್ಯಾನಿಗೆ ಹೊಸ ಗೇರ್‌ಬಾಕ್ಸು

ಅಕ್ಕನ ಬ್ರೆಡ್ ವ್ಯಾನು ನನಗಿಂತ ಹಳೆಯದು, ಆದರೆ ಅದರ ಇಂಜಿನ್ನಿಗೆ ಇನ್ನೂ ವಯಸ್ಸಾಗಿಲ್ಲ. ಬೆಳಿಗ್ಗೆ ತಿರುವಿನಲ್ಲಿ ಅದು ಗುಡುಗುಡು ಅಂದರೆ ಸಾಕು, ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಹಾರ್ನ್ ಒತ್ತುವ ಕೆಲಸವೇ ಇಲ್ಲ. ಕೈಕೊಟ್ಟಿದ್ದು ಗೇರ್‌ಬಾಕ್ಸು. ಮೊದಲು ಮೂರನೇ ಗೇರಿನ ಹಲ್ಲು ಉದುರಿತು, ಆಮೇಲೆ ಎರಡನೆಯದರದ್ದು. ಇದ್ದ ಒಂದೇ ಗೇರಿನಲ್ಲಿ ಅಕ್ಕ ವ್ಯಾನನ್ನು ಕಿರುಚಿಸಿಕೊಂಡು ಏರುರಸ್ತೆ ಹತ್ತುತ್ತಿದ್ದಳು. ಒಂದು ದಿನ ಅದೂ ಆಗದೆ ವ್ಯಾನು ಹಿಂದಕ್ಕೆ ಜಾರಿತು. ಹಿಂಬಾಗಿಲು ತೆರೆದುಕೊಂಡು ಬನ್ನುಗಳೆಲ್ಲ ಚರಂಡಿ ಸೇರಿದವು.

ಭಾವ ಬೇಕರಿಯವರು. ಕಲಸಿದ ಮೈದಾ ಹಿಟ್ಟಿನಂಥ ಮೆತ್ತಗಿನ ಮನುಷ್ಯ. ಆದರೆ ಆ ಹಿಟ್ಟಿನ ಹಾಗೇ ಒಮ್ಮೆ ಉಬ್ಬಿದರೆ ತಡೆಯುವುದು ಕಷ್ಟ. ಅವತ್ತು ಉಬ್ಬಿದರು. ವ್ಯಾನು ಗುಜರಿಗೆ, ಬೇಕರಿಗೆ ಹೊಸ ಟೆಂಪೊ, ಟೆಂಪೊಗೊಬ್ಬ ಡ್ರೈವರು ಎಂದು ತೀರ್ಪು ಕೊಟ್ಟರು. ಇನ್ನು ಮೇಲೆ ತಮ್ಮ ಪಕ್ಕದಲ್ಲಿ, ಫ್ಯಾನಿನ ಕೆಳಗೆ, ಕೌಂಟರಿನಲ್ಲಿ ಅಕ್ಕ ಆರಾಮಾಗಿ ಕೂರಲಿ ಅಂದರು. ಪ್ರೀತಿಯಿಂದಲೇ ಅಂದದ್ದು.

ಅಕ್ಕನಿಗೆ ಬೇಕಾಗಿದ್ದು ಫ್ಯಾನಲ್ಲ, ಸ್ಟೀರಿಂಗು. ಮದುವೆಯಾದ ಮರುವರ್ಷದಿಂದ ಆ ವ್ಯಾನು ಓಡಿಸುತ್ತಿದ್ದಾಳೆ. ಯಾರ ಮನೆ ಹಾಲು ಉಕ್ಕಿತು, ಯಾರ ಮನೆ ಮಾತು ಉಕ್ಕಿತು ಎಲ್ಲ ಅವಳಿಗೆ ಬೇಕು. ನೇರ ನನ್ನ ರಿಪೇರಿ ಶೆಡ್ಡಿಗೆ ಬಂದಳು.

ನಮ್ಮಪ್ಪ ಬಿಟ್ಟುಹೋದ ಆಸ್ತಿ ಎರಡು: ಒಂದು ಲೇತು, ಒಂದು ಸಿಟ್ಟು. ಲೇತು ನನ್ನ ಪಾಲಿಗೆ ಬಂತು, ಸಿಟ್ಟನ್ನು ಅಕ್ಕತಂಗಿಯರು ಸಮನಾಗಿ ಹಂಚಿಕೊಂಡೆವು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿ, ಮೇಷ್ಟ್ರ ಜೊತೆ ಜಗಳವಾಡಿಕೊಂಡು ಬಂದು, ಕಬ್ಬಿಣ ಕಡೆಯುವ ಆ ಲೇತಿನ ಮುಂದೆ ನಿಂತವಳು ನಾನು. ಇನ್ನೂ ಅಲ್ಲೇ ನಿಂತಿದ್ದೇನೆ. ಭಾವ ನನ್ನನ್ನು ಕರೆಯುವುದೇ ಇಂಜಿನಿಯರಮ್ಮ ಅಂತ. ನಾದಿನಿಯನ್ನು ಕೆಣಕದಿದ್ದರೆ ಅವರಿಗೆ ಅಂದಿನ ಟೀ ರುಚಿಸುವುದಿಲ್ಲ.

ಆ ಹಳೇ ಗೇರ್‌ಬಾಕ್ಸಿಗೆ ಹಲ್ಲು ಎಲ್ಲೂ ಸಿಗುವುದಿಲ್ಲ. ಅಪಘಾತವಾಗಿ ಮುಂಭಾಗ ನುಜ್ಜಾಗಿದ್ದ ಹೊಸ ಕಾರೊಂದರ ಗೇರ್‌ಬಾಕ್ಸು ನನ್ನ ಶೆಡ್ಡಿನಲ್ಲಿ ಬಿದ್ದಿತ್ತು, ಅದನ್ನೇ ಕೂರಿಸೋಣ ಅಂದೆ. ಕೂರಿಸುವುದು ಅಂದರೆ ಬಾಯಿಮಾತಲ್ಲ. ಇಂಜಿನ್ನಿನ ಬೆನ್ನಿನ ತೂತುಗಳೇ ಬೇರೆ, ಗೇರ್‌ಬಾಕ್ಸಿನ ಮುಖದ ತೂತುಗಳೇ ಬೇರೆ. ಎರಡರ ನಡುವೆ ಬೆರಳುದಪ್ಪದ ಅಲ್ಯೂಮಿನಿಯಂ ಪ್ಲೇಟೊಂದು ನಿಲ್ಲಬೇಕು. ಅದರಲ್ಲಿ ಒಂದು ಸಾಲು ತೂತು ಇಂಜಿನ್ನಿನ ಲೆಕ್ಕಕ್ಕೆ, ಇನ್ನೊಂದು ಸಾಲು ಗೇರ್‌ಬಾಕ್ಸಿನ ಲೆಕ್ಕಕ್ಕೆ. ಇದಕ್ಕೆ ಅಡಾಪ್ಟರ್ ಪ್ಲೇಟು ಅನ್ನುತ್ತಾರೆ. ಮಾತೇ ಆಡದ ಎರಡು ಮನೆಗಳಿಗೆ ಸಂಬಂಧ ಕುದುರಿಸುವ ದಲ್ಲಾಳಿ ಇದ್ದ ಹಾಗೆ. ನಡುಮಧ್ಯ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಪುಡಿಪುಡಿ.

ಶನಿವಾರ ಗುಜರಿಯವನು ಬರುತ್ತಾನೆ, ಅಷ್ಟರಲ್ಲಿ ವ್ಯಾನು ಪೂರ್ತಿ ಲೋಡ್ ಹೊತ್ತು ಎಲ್ಲೂ ನಿಲ್ಲದೆ ಏರುರಸ್ತೆ ಹತ್ತಿದರೆ ಉಳೀತು, ಇಲ್ಲದಿದ್ದರೆ ಹೋಯ್ತು ಅಂದರು ಭಾವ. ಅಲ್ಲಿಯವರೆಗೆ ಬಾಡಿಗೆ ಆಟೋದಲ್ಲಿ ಬ್ರೆಡ್ಡು, ಕೌಂಟರಿನಲ್ಲಿ ಅಕ್ಕ.

ನಮ್ಮ ಕಡೆ ಅಚ್ಚು ತೆಗೆಯುವುದು ಹೀಗೆ: ಇಂಜಿನ್ನಿನ ಬೆನ್ನಿಗೆ ರಟ್ಟು ಒತ್ತಿಹಿಡಿದು, ಗ್ರೀಸು ಮೆತ್ತಿದ ಹೆಬ್ಬೆರಳಿನಿಂದ ಉಜ್ಜಿದರೆ ಅಂಚು, ತೂತು ಎಲ್ಲ ಕಪ್ಪಗೆ ಮೂಡುತ್ತವೆ. ಅಕ್ಕ ಕೇಕಿನ ಡಬ್ಬಿಯ ರಟ್ಟು ತಂದಿದ್ದಳು. ಒಂದು ಮುಖ ಬಿಳಿ, ಇನ್ನೊಂದು ಕಂದು. ಬಿಳಿ ಮುಖ ಇಂಜಿನ್ನಿಗೆ ತಾಗಿಸಿ ಒಂದು ಅಚ್ಚು, ಗೇರ್‌ಬಾಕ್ಸಿಗೆ ತಾಗಿಸಿ ಇನ್ನೊಂದು. ಎರಡನ್ನೂ ಕತ್ತರಿಸಿ ತೂತು ಹೊಡೆದು, ನಡುಮಧ್ಯ ಸೇರಿಸಿ ಅಂಟಿಸು ಅಂತ ಅಕ್ಕನಿಗೆ ಹೇಳಿ ನಾನು ಫೋನ್ ಹಿಡಿದೆ. ಪ್ಲೇಟಿನ ವ್ಯಾಪಾರಿ ಬೆಳಿಗ್ಗೆಯಿಂದ 'ದಾರೀಲಿದೆ ಮೇಡಂ' ಅನ್ನುತ್ತಿದ್ದ. ಆ ದಾರಿ ಯಾವ ಲೋಕದಲ್ಲಿದೆ ಅಂತ ಅವನನ್ನು ವಿಚಾರಿಸಿಕೊಳ್ಳಬೇಕಿತ್ತು.

ಪ್ಲೇಟು ಬಂತು. ಅಕ್ಕ ಅಂಟಿಸಿಟ್ಟ ರಟ್ಟನ್ನು ಅದರ ಮೇಲಿಟ್ಟು ಗುರುತು ಹಾಕಿ, ಎರಡು ದಿನ ಕೊರೆದೆ. ಗೇರ್‌ಬಾಕ್ಸಿನ ದಂಡ ಹಾಯಲು ನಡುವೆ ಕೊರೆದ ದೊಡ್ಡ ತೂತಿನ ಬಿಲ್ಲೆ ಕಳಚಿ ಬಿದ್ದಾಗ ಅಕ್ಕ ಚಪ್ಪಾಳೆ ತಟ್ಟಿದಳು. ಇಂಜಿನ್ನಿಗೆ ಹಿಡಿದರೆ ಬೋಲ್ಟುಗಳೆಲ್ಲ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದವು. ಗೇರ್‌ಬಾಕ್ಸು ಎತ್ತಿಹಿಡಿದರೆ ಒಂದೇ ಒಂದು ತೂತು ಕೂಡಲಿಲ್ಲ. ಪ್ಲೇಟು ಮಗುಚಿ ನೋಡಿದೆ. ಈಗ ಗೇರ್‌ಬಾಕ್ಸು ಸರಿಯಾಗಿ ಕೂತಿತು, ಇಂಜಿನ್ನು ಮುಖ ತಿರುಗಿಸಿತು.

ರಟ್ಟು ತೆಗೆದು ನೋಡಿದೆ. ಪ್ಲೇಟು ನಿಲ್ಲುವುದು ಎರಡರ ನಡುವೆ ತಾನೇ, ಹಾಗಾಗಿ ರಟ್ಟುಗಳನ್ನು ಬೆನ್ನಿಗೆ ಬೆನ್ನು ಅಂಟಿಸಬೇಕು, ಬಿಳಿ ಮುಖ ಎರಡೂ ಹೊರಗೆ. ಅಕ್ಕ ಕೇಕಿನ ಪದರ ಪೇರಿಸಿದ ಹಾಗೆ ಎರಡರ ಬಿಳಿ ಮುಖವನ್ನೂ ಮೇಲೆ ಮಾಡಿ ಅಂಟಿಸಿದ್ದಳು. ಅಂಟು ಮಾತ್ರ ಬಹಳ ನೀಟಾಗಿತ್ತು.

"ಬೆನ್ನಿಗೆ ಬೆನ್ನು ಅಂತ ನೀನು ಹೇಳಿದ್ಯಾ?" ಅಂದಳು ಅಕ್ಕ.

"ಇಷ್ಟು ದಿನ ವ್ಯಾನ್ ಓಡ್ಸಿದೀಯ. ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಇರತ್ತೆ ಅಂತ ಗೊತ್ತಿಲ್ವಾ?"

"ಎರಡು ದಿನ ಕೊರೆದ್ಯಲ್ಲ, ನಿನ್ನ ಕಣ್ಣು ಎಲ್ಲಿತ್ತು?"

ತಪ್ಪು ಯಾರದು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ವ್ಯಾಪಾರಿಗೆ ಫೋನ್ ಮಾಡಿದರೆ ಆ ದಪ್ಪದ ಇನ್ನೊಂದು ಪ್ಲೇಟು ಮುಂದಿನ ವಾರವೇ ಅಂದ. ನಾನು ಸ್ಪ್ಯಾನರು ಎಸೆದೆ. ಅಕ್ಕ ಅದನ್ನು ಎತ್ತಿಕೊಂಡು ತಾನೂ ಒಂದು ಸಲ ಎಸೆದು ಮನೆಗೆ ಹೋದಳು.

ಮರುದಿನ ಅವಳು ಶೆಡ್ಡಿಗೆ ಬರಲಿಲ್ಲ. ಇಡೀ ದಿನ ಕೌಂಟರಿನಲ್ಲೇ ಕೂತಳು. ಸಂಜೆಗೆ ಭಾವ ಬಂದರು, ಮುಖ ಒಲೆಯಲ್ಲಿ ಮರೆತ ಬ್ರೆಡ್ಡಿನ ಹಾಗಾಗಿತ್ತು. ಏನು ವಿಷಯ ಅಂದರೆ ಒಂದೊಂದಾಗಿ ಹೇಳಿಕೊಂಡರು. ಬ್ರೆಡ್ಡು ಒತ್ತಿ ಒತ್ತಿ ನೋಡುತ್ತಿದ್ದ ಹೆಂಗಸಿಗೆ ಅಕ್ಕ, ಅದೇನು ತೊಟ್ಟಿಲ ಕೂಸಾ ಕೆನ್ನೆ ಹಿಂಡೋಕೆ ಅಂದಳಂತೆ. ದಿನಾ ಬಂದು ಒಂದು ರಸ್ಕು ಕೊಂಡು ಒಂದು ಗಂಟೆ ಹರಟುವ ಪಿಂಚಣಿದಾರರಿಗೆ, ಕೂರೋದಾದ್ರೆ ಇನ್ನೊಂದು ರಸ್ಕು ತಗೊಳ್ಳಿ ಅಂದಳಂತೆ. ಬಿಸ್ಕತ್ತಿನ ಜಾಡಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ದಾಳೆ, ಯಾವುದು ಎಲ್ಲಿದೆ ಅಂತ ಭಾವನಿಗೇ ತಿಳಿಯುತ್ತಿಲ್ಲ. ರೇಡಿಯೋ ಬಂದ್. ಇಷ್ಟನ್ನೂ ಸಹಿಸಬಹುದಿತ್ತು ಅಂದು ಭಾವ ಗಂಟಲು ಸರಿಮಾಡಿಕೊಂಡರು.

"ಮಿಠಾಯಿ ಹಲಗೆ ತೊಳೆದುಬಿಟ್ಳು," ಅಂದರು.

ನಾನು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟೆ. ಬಿಸಿ ಸಕ್ಕರೆ ಪಾಕ ಹುಯ್ದು ಮಿಠಾಯಿ ಆರಿಸುವ ಲೋಹದ ಹಲಗೆ ಅದು, ಅವರ ಅಪ್ಪನ ಕಾಲದ್ದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕೇ ಹೊರತು ಸೋಪು ತಾಗಿಸುವ ಹಾಗಿಲ್ಲ. ಅಷ್ಟು ವರ್ಷದ ಪಾಕ ಕುಡಿದ ಹಲಗೆಯಿಂದಲೇ ಮಿಠಾಯಿಗೆ ರುಚಿ ಅಂತ ಭಾವ ನಂಬಿದ್ದರು. ಅಕ್ಕ ಸೋಪಿನ ಪುಡಿ ಹಾಕಿ ತಂತಿನಾರಿನಲ್ಲಿ ತಿಕ್ಕಿ ಫಳಫಳ ಮಾಡಿಟ್ಟಿದ್ದಳು.

ಭಾವ ಹೊರಗೆ ಹೋಗಿ ಆಟೋದಿಂದ ಏನನ್ನೋ ಹೊತ್ತು ತಂದು ನನ್ನ ಮೇಜಿನ ಮೇಲೆ ದೊಪ್ಪನೆ ಇಟ್ಟರು. ಗೋಣಿಚೀಲ ಬಿಚ್ಚಿದರೆ ಅದೇ ಹಲಗೆ. ಅಲ್ಯೂಮಿನಿಯಂ. ಬೆರಳಿಗಿಂತ ಒಂದು ಚೂರು ದಪ್ಪ.

"ಹೇಗೂ ತೊಳೆದಾಯ್ತು. ತಗೋ ಇಂಜಿನಿಯರಮ್ಮ, ಕೊರಿ," ಅಂದರು. "ಶನಿವಾರದೊಳಗೆ ಆ ವ್ಯಾನ್ ಓಡ್ಲೇಬೇಕು. ಅವಳು ಇನ್ನೊಂದು ವಾರ ಅಲ್ಲಿ ಕೂತ್ರೆ ನಾನೇ ಗುಜರಿಗೆ ಹೋಗ್ತೀನಿ."

"ಇದನ್ನ ಅಕ್ಕನಿಗೆ ಹೇಳ್ಲಾ ಭಾವ?"

"ನಿಂಗೆ ಕೈ ಮುಗೀತೀನಿ, ಬೇಡ. ತಾನೇ ಗೆದ್ದೆ ಅಂದ್ಕೊಂಡು ಓಡ್ಸಲಿ."

ಈ ಸಲ ರಟ್ಟುಗಳನ್ನು ನಾನೇ ಅಂಟಿಸಿದೆ. ಮತ್ತೆ ಶೆಡ್ಡಿಗೆ ಬಂದ ಅಕ್ಕ, ಹಲಗೆ ಇಲ್ಲಿಗೆ ಹೇಗೆ ಬಂತು ಅಂತ ಕೇಳಿದಳು. ನಿನ್ನ ಗಂಡ ಮುನಿಸಿಕೊಂಡು ಬಿಸಾಕಿದ್ದು ಅಂದೆ. ಅರ್ಧ ನಿಜವೇ. ತೂತು ಕೊರೆದ ಮೇಲೆ ಬೋಲ್ಟು ಬಿಗಿಯುವ ಮುಂಚೆ ನಡುಮಧ್ಯ ನೋಡುವ ಕೆಲಸ. ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಇಂಜಿನ್ನಿನ ಚಕ್ರಕ್ಕೆ ಕಚ್ಚಿಸಿ, ಅದರ ಕಡ್ಡಿಯ ತುದಿಯನ್ನು ಪ್ಲೇಟಿನ ನಡುತೂತಿನ ಒಳಅಂಚಿಗೆ ತಾಗಿಸಿದೆ. ಅಕ್ಕ ವ್ಯಾನಿನ ಮುಂದೆ ಕೂತು ಹ್ಯಾಂಡಲ್ ಹಾಕಿ ಇಂಜಿನ್ ನಿಧಾನಕ್ಕೆ ತಿರುಗಿಸಿದಳು. ಮುಳ್ಳು ಆ ಕಡೆ ಈ ಕಡೆ ಕುಣಿಯಿತು. ಮರದ ಸುತ್ತಿಗೆಯಲ್ಲಿ ಪ್ಲೇಟಿಗೆ ಒಂದು ಮೆಲ್ಲನೆಯ ಪೆಟ್ಟು, ಮತ್ತೊಂದು ಸುತ್ತು. ಅವಳಿಗೆ ಆತುರ, ನನಗೆ ಕೋಪ. ಕೊನೆಗೆ ಮುಳ್ಳು ಅಲ್ಲಾಡದೆ ನಿಂತಿತು. ನಾವಿಬ್ಬರೂ ಉಸಿರು ಬಿಡಲಿಲ್ಲ, ಬಿಟ್ಟರೆ ಅದು ಮತ್ತೆ ಅಲ್ಲಾಡೀತು ಅನ್ನುವ ಹಾಗೆ.

ಶನಿವಾರ ಗುಜರಿಯವನು ಬಂದ. ಅಕ್ಕ ಹಿಂದೆ ಲೋಡ್ ತುಂಬಿಸುತ್ತಿದ್ದಾಗ ಭಾವ ಅವನ ಕೈಗೆರಡು ಬನ್ನು ಕೊಟ್ಟು, ಭುಜ ತಟ್ಟಿ ಕಳಿಸಿದ್ದನ್ನು ನಾನು ಕಂಡೆ. ಅಕ್ಕ ಕಾಣಲಿಲ್ಲ. ಸೆರಗು ಬಿಗಿದು, ಯುದ್ಧಕ್ಕೆ ಹೊರಟವಳ ಹಾಗೆ ಸ್ಟೀರಿಂಗು ಹಿಡಿದಳು. ನಾನೂ ಭಾವನೂ ಪಕ್ಕದಲ್ಲಿ ಇರುಕಿಕೊಂಡು ಕೂತೆವು.

ಏರು ಶುರುವಾಯಿತು. ಹಳೇ ಗೇರ್‌ಬಾಕ್ಸಿಗೆ ಒಂದು ಗೇರಿಗೆ ಎರಡು ಸಲ ಕ್ಲಚ್ಚು ಒತ್ತಬೇಕಿತ್ತು, ಅಕ್ಕ ಈಗಲೂ ಒತ್ತಿದಳು. ಒಂದೇ ಸಲ ಸಾಕು ಅಂದರೆ, ಕಾಲು ನನ್ನದು ಅಂದಳು. ತಿರುವಿನಲ್ಲಿ ವ್ಯಾನು ಉಬ್ಬಸಪಟ್ಟಿತು. ಭಾವನ ತುಟಿಗಳು ಅಲ್ಲಾಡುತ್ತಿದ್ದವು, ಹಣೆಯಲ್ಲಿ ಬೆವರು. ಅದನ್ನು ನೋಡಿ ಅಕ್ಕ, ಸೋಲ್ತೀರಿ ಅಂತ ಹೆದರಿಕೆನಾ ಅಂತ ಅಣಕಿಸಿದಳು. ಅವರು ಹ್ಞೂಂ ಅಂದರು. ಎರಡನೇ ಗೇರು ಮೃದುವಾಗಿ ಬಿತ್ತು. ಇಂಜಿನ್ನು ತನ್ನ ಹಳೇ ದನಿಯಲ್ಲಿ ಗುಡುಗುಡು ಅಂದು ತಿರುವು ದಾಟಿತು. ಮೇಲಿನ ಬಡಾವಣೆಯ ಮೊದಲ ಬಾಗಿಲು ತೆರೆಯಿತು, ಚೀಲ ಹಿಡಿದ ಕೈಯೊಂದು ಹೊರಗೆ ಬಂತು.

"ಏನ್ರೀ, ಈಗೇನಂತೀರಿ?" ಅಂದಳು ಅಕ್ಕ.

"ಏನನ್ನಲಿ, ಸೋತೆ," ಅಂದರು ಭಾವ. ಅಷ್ಟು ಸಂತೋಷದಿಂದ ಸೋತವರನ್ನು ನಾನು ನೋಡಿಲ್ಲ.

ಸೋಮವಾರ ಅವರು ಮತ್ತೆ ಶೆಡ್ಡಿಗೆ ಬಂದು, ಕೆಟ್ಟುಹೋದ ಆ ಮೊದಲನೇ ಪ್ಲೇಟು ಇದೆಯಾ ಅಂತ ಕೇಳಿದರು. ಕಳಚಿದ ಬಿಲ್ಲೆಯನ್ನು ನಡುವೆ ಮತ್ತೆ ಕೂರಿಸಿ, ತಿಕ್ಕಿ ತೊಳೆದು ಕೊಟ್ಟೆ. ಅದರ ಮೇಲೆ ಬೆಣ್ಣೆಕಾಗದ ಹಾಸಿ ಪಾಕ ಹುಯ್ಯುತ್ತಾರೆ. ಬೋಲ್ಟಿನ ತೂತು ಇರುವಲ್ಲೆಲ್ಲ ಕಾಗದ ತಗ್ಗಿ ಮಿಠಾಯಿಗೆ ಒಂದೊಂದು ಗುಬುಟು ಮೂಡುತ್ತದೆ. ಮಕ್ಕಳು ಗುಬುಟು ಇರುವ ತುಂಡೇ ಬೇಕು ಅಂತ ಹಟ ಹಿಡಿಯುತ್ತವಂತೆ. ರುಚಿ ಮೊದಲಿನಷ್ಟಿಲ್ಲ ಅಂತ ಭಾವ ಹೇಳುತ್ತಾರೆ. ಆದರೆ ಹೇಳುವುದು ಅಕ್ಕ ವ್ಯಾನು ತೆಗೆದುಕೊಂಡು ಹೋದ ಮೇಲೆ, ರೇಡಿಯೋ ಹಾಕಿಕೊಂಡು.