ವೇನೋ ಬೇರ್ನೋ

ಹಿಂದಿನ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಯಂತ್ರ ಹಲ್ಲು ಜುಮ್ಮೆನ್ನುವಂತೆ ಕಿರುಗುಟ್ಟುತ್ತಿದೆ, ಇವನೋ ಟೋಪಿ ತೊಡೆ ಮೇಲಿಟ್ಟುಕೊಂಡು ಎಲ್ಲ ತೀರ್ಮಾನವಾಯಿತು ಎನ್ನುವ ಹಾಗೆ ಕೂತಿದ್ದಾನೆ, ಗೋರಿಕಲ್ಲಿನ ಮೇಲೆ ನಮ್ಮ ಬೇರ್ನ್ ಅಂತ ಕೆತ್ತಿ ರಿಡ್ಲಿ, ಅಷ್ಟು ಸಾಕು — ಸಾಕಂತೆ, ನಲವತ್ತೊಂದು ವರ್ಷ ಜೊತೆಗೆ ಬಾಳಿದ ಕತ್‌ಬರ್ಟ್, ಸೆಂಗಾ ನೀನೇನಂತೀಯ ಅಂತ ಒಂದು ಮಾತು ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು, ಅವಳ ಗ್ಲಾಸ್ಗೋದಲ್ಲಿ ಮಗು ಅಂದರೆ ವೇನ್, ಅಮ್ಮ ಮೂರನೇ ಮಹಡಿಯ ಕಿಟಕಿಯಿಂದ ವೇನ್‌ಗಳಾ ಊಟಕ್ಕೆ ಬನ್ರೋ ಅಂತ ಕೂಗಿದರೆ ಬೀದಿಗೆ ಬೀದಿಯೇ ಖಾಲಿ, ಆಶಿಂಗ್ಟನ್ನಿಗೆ ಸೊಸೆಯಾಗಿ ಬಂದ ವಾರಕ್ಕೇ ಅತ್ತೆ ಎಡ್ನಾ, ವೇನಾ? ನಮ್ಮ ಕಡೆ ಮಗು ಅಂದ್ರೆ ಬೇರ್ನ್, ವೇನ್ ಅಂದ್ರೆ ಹುಲ್ಲಿನ ಗಾಡಿ ಕಣೇ, ನೀನು ಹೆರೋದು ಮಗುನೋ ಗಾಡಿನೋ, ಗಣಿಯ ಪಾಳಿ ಮುಗಿಸಿ ಬಂದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಇವನೂ ನಕ್ಕಿದ್ದ, ಆಮೇಲೆ ಹುಟ್ಟಿದ ಹುಡುಗಿಯರಿಬ್ಬರನ್ನೂ ಅವಳು ಬೇರ್ನ್ ಎಂದೇ ಕರೆದಳು, ನಾಲಿಗೆ ತಿರುಗಿಸಿಕೊಂಡಳು, ಬಿಡು ಅಂದುಕೊಂಡಳು, ಆದರೆ ಮೊದಲನೆಯವನು, ಕಾಲು ಗಂಟೆಯಷ್ಟೇ ಉಸಿರಾಡಿದವನು, ಅವಳು ಮತ್ತಿನಿಂದ ಏಳುವಷ್ಟರಲ್ಲಿ ಆಸ್ಪತ್ರೆಯವರು ಒಯ್ದುಬಿಟ್ಟಿದ್ದವನು, ನೋಡಬೇಡ ತಾಯಿ, ಮರೆತುಬಿಡು, ಇನ್ನೊಂದಾಗುತ್ತೆ ಅಂದಿದ್ದರು — ಅವನು ಮಾತ್ರ ಅವಳ ವೇನ್, ಆಸ್ಪತ್ರೆಯವರು ಗುರುತಿಲ್ಲದೆ ಹೂತ ಜಾಗ ಯಾವುದೆಂದು ಸ್ಮಶಾನದವರು ಹೋದ ತಿಂಗಳಷ್ಟೇ ತೋರಿಸಿದ್ದು, ಈಗ ಅಲ್ಲೂ ಇವರ ಪದವೇ ಬರಬೇಕೇ, ವೇನ್ ಅಂತ ಹಾಕಿ ರಿಡ್ಲಿ, ಅಂದಳು, ದನಿ ತಾನಾಗೇ ಏರಿತ್ತು, ಕತ್‌ಬರ್ಟ್ ಟೋಪಿಯ ಅಂಚು ತಿರುವುತ್ತ, ಬೇಡ ಕಣೇ, ನಾನು ಅವನನ್ನ ಬೇರ್ನ್ ಅಂತ ಕರೆದಿದ್ದೆ, ಕರೆದಿದ್ದೆಯಾ? ಯಾವಾಗ? ನರ್ಸ್ ನನ್ನ ಕೈಗೆ ಕೊಟ್ಟಿದ್ದಳು, ಕಾಲು ಗಂಟೆ ಪೂರ್ತಿ ನನ್ನ ಹತ್ರಾನೇ ಇದ್ದ, ಕರೆದಾಗ ಕಣ್ಣು ಬಿಟ್ಟ — ಕೈಗೆ ಕೊಟ್ಟಿದ್ದಳು, ನಲವತ್ತು ವರ್ಷ, ಒಂದೇ ಹಾಸಿಗೆ, ಒಂದೇ ಟೀಪಾಟು, ಮತ್ತೆ ಈ ಮಹಾರಾಯ ಬಾಯಿ ಬಿಡಲಿಲ್ಲ, ಯಾಕೆ ಹೇಳಲಿಲ್ಲ, ನೀನು ಕೇಳಲಿಲ್ಲ, ಕೇಳಲಿಲ್ಲವಂತೆ, ಟೋಪಿ ಕಿತ್ತುಕೊಂಡು ಅದರಲ್ಲೇ ಬಾರಿಸಬೇಕು ಇವನಿಗೆ, ಹೇಗಿದ್ದ ಹೇಳು ಹಾಗಾದರೆ, ಈಗ ಕೇಳುತ್ತಿದ್ದೀನಿ, ಹೇಳು, ಕೂದಲು ಕೆಂಪು, ನಿನ್ನದೇ, ಒದ್ದೆಯಾಗಿ ಹಣೆಗೆ ಅಂಟಿತ್ತು — ಕೆಂಪು, ರಿಡ್ಲಿ ಪೆನ್ಸಿಲ್ ಹಿಡಿದು ಕೇಳುತ್ತಿದ್ದಾನೆ, ಯಾವುದು ಬರೀಲಿ ಅಮ್ಮ, ಬೇರ್ನ್ ಅಂತಲೇ ಬರೀರಿ, ಅಂದಳು, ಆ ಪುಟ್ಟ ಕಿವಿಗೆ ಬಿದ್ದದ್ದು ಅದೇ, ಬರೀರಿ, ಇವನು ಕೈ ಚಾಚಿದ್ದಾನೆ, ಹಿಡಿಯಲೋ ಬೇಡವೋ, ಯಂತ್ರ ನಿಂತಿದೆ, ಕೆಂಪು ಕೂದಲು, ಹಣೆಗೆ ಅಂಟಿದ ಒದ್ದೆ ಕೆಂಪು ಕೂದಲು, ಕೆಂಪು